ಪೀಟರ್ ಪ್ಯಾನ್ ಮತ್ತು ಮುಚ್ಚಿದ ಕಿಟಕಿ

ಪೀಟರ್ ಪ್ಯಾನನ ಹೆಸರು ಕೇಳದ ಮಕ್ಕಳು ನಮ್ಮ ಪಟ್ಟಣಗಳಲ್ಲಿ ಈಗ ಕಡಮೆ. ಹಸಿರು ಅಂಗಿ ತೊಟ್ಟು ಗಾಳಿಯಲ್ಲಿ ಹಾರುವ, ಎಂದಿಗೂ ದೊಡ್ಡವನಾಗದ ಹುಡುಗ. ಅವನ ಬೆನ್ನ ಹಿಂದೆ ಮಿಣುಕುವ ಕಿನ್ನರಿ. ಕಡಿದುಹೋದ ಕೈಗೆ ಕೊಕ್ಕೆ ಸಿಕ್ಕಿಸಿಕೊಂಡ ಕಡಲುಗಳ್ಳ. ಹೊಟ್ಟೆಯೊಳಗೆ ಗಡಿಯಾರ ಟಿಕ್ ಟಿಕ್ ಎನ್ನುವ ಮೊಸಳೆ - ಇಷ್ಟೂ ಅವರ ಪೆನ್ಸಿಲ್ ಡಬ್ಬಿಯ ಮೇಲೆ, ಹುಟ್ಟುಹಬ್ಬದ ಕೇಕಿನ ಮೇಲೆ ಬಂದು ಕುಳಿತಿವೆ. ಕಥೆ ಏನಪ್ಪಾ ಎಂದು ಕೇಳಿದರೆ, "ಮೂವರು ಮಕ್ಕಳು ಕಿಟಕಿಯಿಂದ ಹಾರಿಹೋಗಿ, ಮಜಾ ಮಾಡಿ, ವಾಪಸು ಬಂದರು" ಎನ್ನುತ್ತಾರೆ. ತಪ್ಪು ಮಕ್ಕಳದಲ್ಲ. ಅವರಿಗೆ ಕೊಟ್ಟದ್ದೇ ಅಷ್ಟು. ನನ್ನ ತಕರಾರು ಕೊಟ್ಟವರೊಡನೆ.

ಈಚೆಗೆ ಒಂದು ರಜೆಯಲ್ಲಿ ಪುಸ್ತಕದಂಗಡಿಗಳಲ್ಲಿ ಸಿಕ್ಕುವ ಸಂಕ್ಷಿಪ್ತ "ಪೀಟರ್ ಪ್ಯಾನ್"ಗಳನ್ನು ನಾಲ್ಕಾರು ತಂದು ಓದಿದೆ. ಬಣ್ಣ ಬಲು ಚೆನ್ನಾಗಿದೆ, ಕಾಗದವೂ ದಪ್ಪನಾಗಿದೆ. ಎಲ್ಲದರಲ್ಲೂ ಹಾರಾಟ ಉಂಟು, ಕತ್ತಿವರಸೆ ಉಂಟು, ಮೊಸಳೆ ಉಂಟು. ಇಲ್ಲದಿರುವುದು ಎರಡೇ ಸಂಗತಿ. ಪೀಟರ್ ತನ್ನ ಮನೆಗೆ ಹಿಂದಿರುಗಿ ಬಂದಾಗ ಕಂಡ ಮುಚ್ಚಿದ ಕಿಟಕಿ ಒಂದು. ವೆಂಡಿ ದೊಡ್ಡವಳಾದಳೆಂದು ಹೇಳುವ ಕೊನೆಯ ಅಧ್ಯಾಯ ಇನ್ನೊಂದು. ಜೇಮ್ಸ್ ಬ್ಯಾರಿ ಕಟ್ಟಿದ ಕಥೆಗೆ ಇವೆರಡೂ ತೊಲೆಕಂಬ ಇದ್ದಂತೆ. ತೊಲೆಕಂಬ ಎಳೆದುಹಾಕಿ, ಸುಣ್ಣ ಬಳಿದ ಗೋಡೆಗಳನ್ನು ಮನೆಯೆಂದು ಮಾರುತ್ತಿದ್ದಾರೆ.

ಈ ಮಾತನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಎತ್ತಿದಾಗ ಮಿತ್ರರೊಬ್ಬರು ನಕ್ಕು, "ಎಂಟು ವರ್ಷದ ಮಗುವಿಗೆ ಸಾವು, ಅಗಲಿಕೆ, ತಾಯಿ ಮರೆತಳೆಂಬ ಸಂಕಟ ಇವೆಲ್ಲ ಏಕೆ ಸ್ವಾಮಿ? ದೊಡ್ಡವರಾದ ಮೇಲೆ ಹೇಗೂ ಪಡಬೇಕಾದದ್ದೇ. ಅಲ್ಲಿಯವರೆಗೆ ನಗಲಿ ಬಿಡಿ" ಎಂದರು. ಒಳ್ಳೆಯ ಮನುಷ್ಯರು, ಮಕ್ಕಳೆಂದರೆ ಪ್ರಾಣ. ಇಂಥ ಒಳ್ಳೆಯವರೇ ಈ ಕೆಲಸದ ಬೆನ್ನಿಗೆ ನಿಂತಿರುವುದರಿಂದ ಅದನ್ನು ಎದುರಿಸುವುದು ಕಷ್ಟವಾಗಿದೆ. ಕೆಟ್ಟವರಾಗಿದ್ದರೆ ಪತ್ರಿಕೆಗೆ ಒಂದು ಪತ್ರ ಬರೆದು ಸುಮ್ಮನಾಗಬಹುದಿತ್ತು.

ಕತ್ತರಿಸಿ ಎಸೆದದ್ದು ಏನೆಂದು ಮೊದಲು ನೋಡೋಣ. ಪೀಟರ್ ಮೊಟ್ಟಮೊದಲು ಕಾಣಿಸಿಕೊಂಡದ್ದು 1902ರಲ್ಲಿ, "ದಿ ಲಿಟಲ್ ವೈಟ್ ಬರ್ಡ್" ಎಂಬ, ದೊಡ್ಡವರಿಗಾಗಿ ಬರೆದ ಕಾದಂಬರಿಯ ನಡುವೆ. ಆ ಅಧ್ಯಾಯಗಳನ್ನೇ ಬಿಡಿಸಿ, ಆರ್ಥರ್ ರ‍್ಯಾಕಮ್ ಬರೆದ ಚಿತ್ರಗಳೊಡನೆ, 1906ರಲ್ಲಿ "ಪೀಟರ್ ಪ್ಯಾನ್ ಇನ್ ಕೆನ್ಸಿಂಗ್‌ಟನ್ ಗಾರ್ಡನ್ಸ್" ಎಂದು ಪ್ರತ್ಯೇಕ ಪುಸ್ತಕ ಮಾಡಿದರು. ಇಲ್ಲಿ ಪೀಟರ್ ಏಳು ದಿನದ ಕೂಸು. ಬ್ಯಾರಿಯ ಕಲ್ಪನೆಯಲ್ಲಿ ಮಕ್ಕಳೆಲ್ಲ ಹುಟ್ಟುವ ಮೊದಲು ಹಕ್ಕಿಗಳು. ಈ ಕೂಸಿಗೆ ಆ ನೆನಪು ಇನ್ನೂ ಆರಿಲ್ಲ. ಕಿಟಕಿಗೆ ಸರಳಿಲ್ಲ, ಆಚೆ ಲಂಡನ್ನಿನ ಕೆನ್ಸಿಂಗ್‌ಟನ್ ಉದ್ಯಾನದ ಮರಗಳು ಕಾಣುತ್ತವೆ, ಹಾರಿಯೇ ಬಿಟ್ಟಿತು. ಅಲ್ಲಿ ಹಕ್ಕಿಗಳ ನಡುವೆ ಬೆಳೆದು, ಜೊಂಡಿನ ಕೊಳಲು ಮಾಡಿಕೊಂಡು, ಕಿನ್ನರಿಯರ ಕುಣಿತಕ್ಕೆ ಮೇಳ ಒದಗಿಸಿತು. ಅವರ ರಾಣಿ ಮೆಚ್ಚಿ ವರ ಕೊಟ್ಟಳು. ತಾಯಿಯ ಬಳಿಗೆ ಹೋಗಬೇಕು ಎಂದ ಪೀಟರ್ - ಒಗ್ಗದಿದ್ದರೆ ಉದ್ಯಾನಕ್ಕೆ ಹಿಂದಿರುಗುವ ಹಕ್ಕನ್ನು ಜೋಪಾನವಾಗಿ ಉಳಿಸಿಕೊಂಡು.

ಹೋದಾಗ ಕಿಟಕಿ ತೆರೆದೇ ಇತ್ತು. ವಾಚಕರು ಇದನ್ನು ಗಮನಿಸಬೇಕು: ತೆರೆದೇ ಇತ್ತು. ತಾಯಿ ಮಲಗಿದ್ದಳು. ಮುಖದಲ್ಲಿ ದುಃಖ, ನಿದ್ದೆಯಲ್ಲೂ ಅವಳ ತೋಳು ಏನನ್ನೋ ಬಳಸಲು ಹುಡುಕುವಂತೆ ಆಡುತ್ತಿತ್ತು. ಪೀಟರ್ ಮಂಚದ ಕಾಲದೆಸೆಯಲ್ಲಿ ಕುಳಿತು ನೋಡಿದ. ಮೆಲ್ಲಗೆ ಕೊಳಲೂದಿದ. ಎಬ್ಬಿಸಲಿಲ್ಲ. ಇವಳೆಲ್ಲಿ ಹೋಗುತ್ತಾಳೆ, ಇಲ್ಲೇ ಇರುತ್ತಾಳೆ. ಉದ್ಯಾನದಲ್ಲಿ ಹೇಳಿಬರಬೇಕಾದವರು ಎಷ್ಟೋ ಮಂದಿ ಇದ್ದಾರೆ. ಕೊನೆಯದಾಗಿ ಒಂದು ಸಲ ದೋಣಿಯಲ್ಲಿ ಸುತ್ತಿಬರಬೇಕು. ಆಮೇಲೆ ಬಂದರಾಯಿತು ಎಂದು ಎದ್ದು ಹೋದ. ದಿನಗಳು ತಿಂಗಳುಗಳಾದವು. ಒಂದು ರಾತ್ರಿ ಕನಸಿನಿಂದ ಎದ್ದವನಂತೆ ಎರಡನೆಯ ವರ ಕೇಳಿ, ಇನ್ನು ಎಂದೆಂದಿಗೂ ತಾಯಿಯ ಬಳಿಯೇ ಎಂದು ಹಾರಿ ಬಂದರೆ ಕಿಟಕಿಗೆ ಕಬ್ಬಿಣದ ಸರಳು. ಒಳಗೆ ಅವಳು ಇನ್ನೊಂದು ಮಗುವನ್ನು ತಬ್ಬಿಕೊಂಡು ನೆಮ್ಮದಿಯಾಗಿ ಮಲಗಿದ್ದಾಳೆ. ಕೂಗಿದ, ಕೇಳಿಸಲಿಲ್ಲ. ಸರಳಿಗೆ ಮೈಯನ್ನು ಬಡಿದುಕೊಂಡ, ತೆರೆಯಲಿಲ್ಲ. ಅಳುತ್ತ ಉದ್ಯಾನಕ್ಕೆ ಹೋದ. ಮತ್ತೆ ಅವಳನ್ನು ನೋಡಲಿಲ್ಲ.

ಹೊಟ್ಟೆಪಾಡಿಗೆ ಕರುಣರಸದ ಪಾಠ ಹೇಳುವವನು ನಾನು. ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನ ಹೆಣದ ಮುಂದೆ ಚಂದ್ರಮತಿ ಗೋಳಿಡುವ ಭಾಗವನ್ನು ಎಷ್ಟೋ ವರ್ಷ ತರಗತಿಯಲ್ಲಿ ಓದಿದ್ದೇನೆ. ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುವುದನ್ನು ಕಂಡಿದ್ದೇನೆ. ಅಲ್ಲಿ ಅಳುವುದಕ್ಕೆ ಅಪ್ಪಣೆ ಉಂಟು. "ಆಮೇಲೆ ಬಂದರಾಯಿತು" ಎಂದು ಆ ಕೂಸು ಎದ್ದು ಹೋಗುವಲ್ಲಿ ಅದೂ ಇಲ್ಲ. ಯಾರೂ ಸತ್ತಿಲ್ಲ, ಯಾರೂ ಶಪಿಸಿಲ್ಲ, ಮಲತಾಯಿ ಇಲ್ಲ, ರಾಕ್ಷಸ ಇಲ್ಲ. ಸ್ವಲ್ಪ ತಡವಾಯಿತು, ಅಷ್ಟೇ.

ಅದೇ ಪುಸ್ತಕದ ಕೊನೆಯಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಕೆನ್ಸಿಂಗ್‌ಟನ್ ಉದ್ಯಾನದಲ್ಲಿ ಎರಡು ಪುಟ್ಟ ಕಲ್ಲುಗಳಿದ್ದವು. ನಿಜವಾಗಿ ಅವು ಎರಡು ಪ್ಯಾರಿಷ್‌ಗಳ ನಡುವಣ ಎಲ್ಲೆಕಲ್ಲು. ಮೇಲೆ ಊರ ಹೆಸರಿನ ಮೊದಲಕ್ಷರಗಳು. ಬ್ಯಾರಿ ಆ ಅಕ್ಷರಗಳನ್ನು ಎರಡು ಹಸುಗೂಸುಗಳ ಹೆಸರಾಗಿ ಓದುತ್ತಾನೆ: ತಳ್ಳುಗಾಡಿಯಿಂದ ಬಿದ್ದು, ಯಾರೂ ಗಮನಿಸದೆ, ರಾತ್ರಿಯ ಚಳಿಯಲ್ಲಿ ಉಳಿದುಹೋದ ಕೂಸುಗಳು, ಪೀಟರ್ ಅವನ್ನು ಹೂತು ಕಲ್ಲು ನೆಟ್ಟ. ಮುಂದೆ ನಾಟಕದಲ್ಲಿ ಪೀಟರನ ಸಂಗಡ ಕುಣಿದಾಡುವ "ಕಳೆದುಹೋದ ಹುಡುಗರು" ಯಾರೆಂದುಕೊಂಡಿರಿ? ದಾದಿ ಬೇರೆ ಕಡೆ ನೋಡುತ್ತಿದ್ದಾಗ ತಳ್ಳುಗಾಡಿಯಿಂದ ಬಿದ್ದು, ಏಳು ದಿನದೊಳಗೆ ಯಾರೂ ಕೇಳಿಕೊಂಡು ಬಾರದ ಮಕ್ಕಳು. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಆ ಹುಡುಗರ ಗಲಾಟೆ ಮೊದಲಿನಂತೆ ಕೇಳಿಸುವುದಿಲ್ಲ.

ನಾಟಕ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ನಾಟಕಶಾಲೆಯಲ್ಲಿ ಮೊದಲು ಆಡಿದ್ದು 1904ರ ಡಿಸೆಂಬರ್ 27ರಂದು. 1911ರಲ್ಲಿ ಬ್ಯಾರಿ ಅದನ್ನೇ "ಪೀಟರ್ ಅಂಡ್ ವೆಂಡಿ" ಎಂಬ ಕಾದಂಬರಿಯಾಗಿ ಬರೆದ. ಇಲ್ಲಿನ ಪೀಟರ್ ಮನೆ ಬಿಟ್ಟದ್ದು ಹುಟ್ಟಿದ ದಿನವೇ. ದೊಡ್ಡವನಾದ ಮೇಲೆ ಇವನು ಏನಾಗಬೇಕೆಂದು ತಂದೆತಾಯಿ ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿದ್ದು! (ನಮ್ಮಲ್ಲಿ ತೊಟ್ಟಿಲ ಮಗುವಿಗೆ ಎಂಜಿನಿಯರಿಂಗ್ ಸೀಟಿನ ಲೆಕ್ಕ ಹಾಕುವವರು ಇದನ್ನು ಓದುವುದು ಒಳ್ಳೆಯದು.) ಮುಚ್ಚಿದ ಕಿಟಕಿಯ ಕಥೆಯನ್ನು ಅವನೇ ಹೇಳುತ್ತಾನೆ, ಅದೂ ಎಂಥ ಸಂದರ್ಭದಲ್ಲಿ! ವೆಂಡಿ ನೆಲದಡಿಯ ಮನೆಯಲ್ಲಿ ಹುಡುಗರನ್ನು ಮಲಗಿಸುತ್ತ, ತಾಯಿಯಾದವಳು ಹಾರಿಹೋದ ಮಕ್ಕಳಿಗಾಗಿ ಕಿಟಕಿಯನ್ನು ಎಂದೆಂದಿಗೂ ತೆರೆದೇ ಇಟ್ಟಿರುತ್ತಾಳೆ, ಆದ್ದರಿಂದ ಎಷ್ಟು ದಿನ ಬೇಕಾದರೂ ಇಲ್ಲಿ ಆಡಿಕೊಂಡಿರಬಹುದು ಎಂಬರ್ಥದ ಕಥೆ ಹೇಳುತ್ತಿದ್ದಾಳೆ. ಪೀಟರ್ ನರಳಿ, ನಾನೂ ಹಾಗೆಯೇ ನಂಬಿದ್ದೆ, ಹೋಗಿ ನೋಡಿದರೆ ಸರಳು ಹಾಕಿತ್ತು ಎನ್ನುತ್ತಾನೆ. ಮಕ್ಕಳು ಗಾಬರಿಯಾಗಿ ಆ ಕ್ಷಣವೇ ಮನೆಗೆ ಹೊರಡುತ್ತಾರೆ. ಕಥೆ ತಿರುಗುವುದು ಇಲ್ಲಿ. ಮುಚ್ಚಿದ ಕಿಟಕಿಯನ್ನು ಕತ್ತರಿಸಿದ ಆವೃತ್ತಿಗಳಲ್ಲಿ ಮಕ್ಕಳು ಏಕೆ ಹಿಂದಿರುಗುತ್ತಾರೆ? ಬೇಸರವಾಯಿತಂತೆ! ರಜೆ ಮುಗಿದಂತೆ ಹೊರಟುಬಿಡುತ್ತಾರೆ.

ಬ್ಯಾರಿ ಅಲ್ಲೇ ಒಂದು ಮಾತು ಸೇರಿಸುತ್ತಾನೆ: ಪೀಟರ್ ಹೇಳಿದ್ದು ನಿಜವೆಂದು ತನಗೆ ಖಾತ್ರಿಯಿಲ್ಲ, ಅವನು ಮಾತ್ರ ನಿಜವೆಂದು ತಿಳಿದಿದ್ದ ಎಂದು. ಇದಕ್ಕಿಂತ ಸೂಕ್ಷ್ಮವಾದ ಮಾತನ್ನು ಮಕ್ಕಳ ಪುಸ್ತಕದಲ್ಲಿ ನಾನು ಕಂಡಿಲ್ಲ. ಮನೆ ಬಿಟ್ಟು ಹೋದ ಮಗು ದೂರದಿಂದ ಒಮ್ಮೆ ಇಣಿಕಿ ನೋಡಿ, ತಾನಿಲ್ಲದೆ ಎಲ್ಲವೂ ನಡೆದಿದೆ ಎಂದುಕೊಂಡು, ಬಾಗಿಲು ಬಡಿಯದೆ ಹೋಗಿಬಿಡುತ್ತದೆ. ಒಳಗಿರುವವರಿಗೆ ಅದು ಬಂದದ್ದೂ ತಿಳಿಯುವುದಿಲ್ಲ.

ಇದಕ್ಕೆ ಎದುರಾಗಿ ಬ್ಯಾರಿ ಇನ್ನೊಂದು ಕಿಟಕಿಯನ್ನು ಇಟ್ಟಿದ್ದಾನೆ: ವೆಂಡಿಯ ತಾಯಿ ಶ್ರೀಮತಿ ಡಾರ್ಲಿಂಗಳದು. ಅದು ತೆರೆದೇ ಇದೆ. ಗಾಳಿ ಬರುತ್ತದೆ, ಮುಚ್ಚು ಎಂದು ಗಂಡ ಹೇಳಿದರೂ ಒಪ್ಪುವುದಿಲ್ಲ. ಆ ಗಂಡನಾದರೂ, ಕಾವಲು ನಾಯಿಯನ್ನು ಆ ರಾತ್ರಿ ಹೊರಗೆ ಕಟ್ಟಿದ ತಪ್ಪಿಗೆ, ನಾಯಿಯ ಗೂಡಿನಲ್ಲೇ ವಾಸ ಮಾಡುತ್ತ, ಗೂಡಿನೊಡನೆಯೇ ಗಾಡಿಯೇರಿ ಆಫೀಸಿಗೆ ಹೋಗುತ್ತಿದ್ದಾನೆ. ನಗೆ ಬರುತ್ತದೆ, ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ. ಮಕ್ಕಳು ಬರುವ ಮುನ್ನ ಪೀಟರ್ ಹಾರಿಬಂದು ಕಿಟಕಿಯ ಅಗುಳಿ ಹಾಕುತ್ತಾನೆ: ವೆಂಡಿ ಬಂದು ನೋಡಲಿ, ತನ್ನ ತಾಯಿಯೂ ಮರೆತಳೆಂದುಕೊಂಡು ತನ್ನೊಡನೆ ಬಂದುಬಿಡಲಿ! ತನಗಾದದ್ದು ಅವಳಿಗೂ ಆಗಲಿ. ಆದರೆ ಒಳಗೆ ತಾಯಿಯ ಕಣ್ಣಲ್ಲಿ ನೀರು ಕಂಡು ತಡೆಯಲಾರದೆ, ಕುಣಿದು, ಸಿಡುಕಿ, ಕೊನೆಗೆ ಅಗುಳಿ ತೆಗೆದು ಹೋಗುತ್ತಾನೆ. ಪುಸ್ತಕದಲ್ಲಿ ಅವನು ಮಾಡುವ ದೊಡ್ಡ ಕೆಲಸ ಇದೊಂದೇ. ಹುಕ್ ಎಂಬ ಕಡಲುಗಳ್ಳನನ್ನು ಕೊಲ್ಲುವುದು ಅವನಿಗೆ ಆಟ. ಸಂಕ್ಷೇಪಕಾರರು ಹುಕ್ಕನ ಕಾಳಗಕ್ಕೆ ನಾಲ್ಕು ಪುಟ ಕೊಟ್ಟು ಅಗುಳಿಯನ್ನು ಅರ್ಧ ಸಾಲಿಗೂ ಹತ್ತಿಸುವುದಿಲ್ಲ.

ಇನ್ನು ಕೊನೆಯ ಅಧ್ಯಾಯ. ಕಳೆದುಹೋದ ಹುಡುಗರನ್ನೆಲ್ಲ ಡಾರ್ಲಿಂಗ್ ದಂಪತಿಗಳು ಮನೆಗೆ ಸೇರಿಸಿಕೊಳ್ಳುತ್ತಾರೆ. ಅವರು ಹಾರುವುದನ್ನು ಮರೆತು, ಶಾಲೆಗೆ ಹೋಗಿ, ಚೀಲ ಕೊಡೆ ಹಿಡಿದು ಆಫೀಸಿಗೆ ನಡೆಯುವವರಾಗುತ್ತಾರೆ. ಪೀಟರ್ ಒಲ್ಲೆನೆನ್ನುತ್ತಾನೆ. ವರ್ಷಕ್ಕೊಂದು ವಾರ ವೆಂಡಿಯನ್ನು ಕರೆದೊಯ್ಯುವ ಒಪ್ಪಂದವಾಗುತ್ತದೆ. ಮರುವರ್ಷ ಬಂದವನಿಗೆ ಹುಕ್ ಯಾರೆಂಬ ನೆನಪಿಲ್ಲ. ಅವನಿಗಾಗಿ ವಿಷ ಕುಡಿದ ಟಿಂಕರ್ ಬೆಲ್ ಕಿನ್ನರಿಯ ನೆನಪೂ ಇಲ್ಲ. ಅದರ ಮುಂದಿನ ವರ್ಷ ಬರಲೇ ಇಲ್ಲ. ಬಾರದಿದ್ದುದು ಅವನಿಗೆ ಗೊತ್ತೂ ಇಲ್ಲ. ಕೊನೆಗೊಂದು ರಾತ್ರಿ ಬಂದಾಗ ವೆಂಡಿ ಮದುವೆಯಾಗಿ, ತಾಯಿಯಾಗಿ, ಮಗಳ ಮಂಚದ ಬಳಿ ಬೆಂಕಿಯ ಬೆಳಕಿನಲ್ಲಿ ಕುಳಿತಿದ್ದಾಳೆ. ಅವನ ಹಾಲುಹಲ್ಲು ಹಾಗೆಯೇ ಇವೆ. ಅವಳು ಮೈಯನ್ನು ಆದಷ್ಟು ಮುದುಡಿಕೊಳ್ಳುತ್ತಾಳೆ, ಚಿಕ್ಕವಳಂತೆ ಕಾಣಲೆಂದು. ದೀಪ ಹಾಕಿದಾಗ ಅವನು ನೆಲದ ಮೇಲೆ ಕುಳಿತು ಅಳುತ್ತಾನೆ. ಆ ಸದ್ದಿಗೆ ಎಚ್ಚೆತ್ತ ಮಗಳು, ಹಿಂದೆ ತಾಯಿ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾಳೆ, ಅವನೊಡನೆ ಹಾರಿಹೋಗುತ್ತಾಳೆ, ಈಗ ಕಿಟಕಿಯಲ್ಲಿ ನಿಲ್ಲುವ ಸರದಿ ವೆಂಡಿಯದು.

ಇದರ ನಡುವೆ ಒಂದೇ ಮಾತಿನಲ್ಲಿ, ಏನೂ ವಿಶೇಷವಿಲ್ಲದಂತೆ, ಬ್ಯಾರಿ ಹೇಳಿಬಿಡುತ್ತಾನೆ: ಅಷ್ಟು ಹೊತ್ತಿಗೆ ಶ್ರೀಮತಿ ಡಾರ್ಲಿಂಗ್ ತೀರಿಕೊಂಡಿದ್ದಳು, ಅವಳನ್ನು ಮರೆತೂ ಆಗಿತ್ತು ಎಂದು. ಮಗುವಿಗೆ ಈ ಪುಟವನ್ನು ಗಟ್ಟಿಯಾಗಿ ಓದಿ ಹೇಳಿ ನೋಡಿ. ಮಗು ಮುಂದೇನು ಎನ್ನುತ್ತದೆ. ತಡವರಿಸುವುದು ನಿಮ್ಮ ದನಿ. ಇಷ್ಟು ರಾತ್ರಿ ಕಿಟಕಿ ತೆರೆದಿಟ್ಟು ಕಾದ ತಾಯಿಯನ್ನು ಆ ಮಕ್ಕಳೇ ಮರೆತುಬಿಟ್ಟರಲ್ಲ ಎಂಬ ಏಟು ಬೀಳುವುದು ಓದುತ್ತಿರುವ ತಾಯಿಗೆ, ತಂದೆಗೆ. ಮಕ್ಕಳ ಮನಸ್ಸು ನೋಯುತ್ತದೆ ಎಂದು ಈ ಅಧ್ಯಾಯವನ್ನು ಕೀಳುವವರು ತಮ್ಮ ನೋವನ್ನು ಮಕ್ಕಳ ಲೆಕ್ಕಕ್ಕೆ ಬರೆದಿದ್ದಾರೆ ಎಂಬುದೇ ನನ್ನ ಆಪಾದನೆ.

ಇದನ್ನು ಜಗತ್ತಿಗೆಲ್ಲ ಕಲಿಸಿದ್ದು 1953ರ ಡಿಸ್ನಿ ಕಾರ್ಟೂನು ಚಲಚ್ಚಿತ್ರ. ಚಿತ್ರ ಕಣ್ಣಿಗೆ ಹಬ್ಬ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕೊನೆಯನ್ನು ನೋಡಿ. ತಂದೆತಾಯಿ ಔತಣ ಮುಗಿಸಿ ಅದೇ ರಾತ್ರಿ ಮನೆಗೆ ಬರುತ್ತಾರೆ. ಮಕ್ಕಳು ಅಷ್ಟರಲ್ಲಿ ವಾಪಸು ಬಂದಾಗಿದೆ. ವೆಂಡಿ ಕಿಟಕಿಯ ಬಳಿ ನಿದ್ದೆ ಹೋಗಿದ್ದಾಳೆ. ಮಕ್ಕಳು ಹೋಗಿದ್ದರೆಂಬುದೇ ಹೆತ್ತವರಿಗೆ ತಿಳಿಯದು. ಒಂದು ಇರುಳೂ ತಾಯಿ ಕಾಯಲಿಲ್ಲ. ತಂದೆ ಗೂಡಿಗೆ ಇಳಿಯಲಿಲ್ಲ. ಹುಕ್ಕನನ್ನು ಮೊಸಳೆ ನುಂಗಲೂ ಇಲ್ಲ, ಬರಿದೆ ಅಟ್ಟಿಸಿಕೊಂಡು ಹೋಯಿತು. ಕಳೆದುಹೋದ ಹುಡುಗರು ಬರಲು ಇನ್ನೂ ಸಿದ್ಧರಿಲ್ಲವೆಂದು ಅಲ್ಲೇ ಉಳಿದರು. ಎಲ್ಲ ಖಾತೆಗಳಲ್ಲೂ ಬಾಕಿ ಸೊನ್ನೆ.

ಪೀಟರ್ ಪ್ಯಾನ್ ಓದಿದರೆ ಮಕ್ಕಳಿಗೆ ಮನೆ ಬಿಟ್ಟು ಓಡುವ ಬುದ್ಧಿ ಬರುತ್ತದೆ ಎಂದು ಅಂಜುವ ಹಿರಿಯರಿದ್ದಾರೆ. ಅವರು ಅಂಜಬೇಕಾದದ್ದು ಈ ಸೊನ್ನೆ ಬಾಕಿಯ ಕಥೆಗೆ. ಹೋಗು, ಆಡು, ಬೇಕಾದಾಗ ಬಾ. ಮನೆ ನೀನು ಬಿಟ್ಟಹಾಗೆಯೇ ಇರುತ್ತದೆ. ಯಾರಿಗೂ ಏನೂ ಆಗಿರುವುದಿಲ್ಲ - ಇದಕ್ಕಿಂತ ದೊಡ್ಡ ಸುಳ್ಳನ್ನು ಮಗುವಿಗೆ ಹೇಳುವುದು ಸಾಧ್ಯವೆ? ನಮ್ಮ ದೊಡ್ಡ ರೈಲು ನಿಲ್ದಾಣಗಳಲ್ಲಿ ಮನೆ ಬಿಟ್ಟು ಬಂದ ಮಕ್ಕಳು ಸಿಕ್ಕುವುದು ಈಗಲೂ ನಿಂತಿಲ್ಲ. ಅಂಥವರಿಗಾಗಿ 1098 ಎಂಬ ದೂರವಾಣಿ ಸಂಖ್ಯೆ ಉಂಟು. 2015ರ ಬಾಲನ್ಯಾಯ ಕಾಯಿದೆ ಅಂಥ ಮಗುವನ್ನು, ಪ್ರಯಾಣದ ವೇಳೆ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕೆಂದು ಹೇಳುತ್ತದೆ. ಕಾಯಿದೆ ವಿಳಾಸ ಕೇಳಬಲ್ಲುದು. ಬೈಗುಳಕ್ಕೋ ಪರೀಕ್ಷೆಯ ಅಂಕಕ್ಕೋ ಓಡಿಬಂದ ಹುಡುಗ, ಇನ್ನು ನನ್ನನ್ನು ಸೇರಿಸುತ್ತಾರೆಯೆ ಎಂದು ಒಳಗೊಳಗೇ ನಡುಗುತ್ತಿದ್ದರೆ, ಅದಕ್ಕೆ ಮಾತು ಕೊಡುವುದು ಕಾಯಿದೆಯ ಕೈಲಾಗದು. ಬ್ಯಾರಿಯ ಎರಡು ಕಿಟಕಿಗಳು ಆ ಹುಡುಗನಿಗೆ ಗೊತ್ತಿರುವ ಸಂಗತಿ. ಅವನ್ನು ಕಿತ್ತ ಪುಸ್ತಕದಲ್ಲಿ ಅವನಿಗೆ ಏನಿದೆ?

ಮನೆ ಬಿಡದ ಮಗುವಿಗೂ ಇದು ಬೇಕು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಅಜ್ಜ ಸತ್ತರೆ ಮೊದಲು ಮಾಡುವ ಕೆಲಸ ಮಗುವನ್ನು ಪಕ್ಕದ ಮನೆಗೆ ಸಾಗಿಸುವುದು. ಸಂಜೆ ಬಂದ ಮಗು ಕುರ್ಚಿ ಬರಿದಾಗಿರುವುದನ್ನು ನೋಡುತ್ತದೆ; "ಊರಿಗೆ ಹೋಗಿದ್ದಾರೆ" ಎಂಬ ಉತ್ತರ ಕೇಳುತ್ತದೆ; ಚಪ್ಪಲಿ, ಕನ್ನಡಕ, ಕೋಲು ಮೂರೂ ಇಲ್ಲೇ ಇರುವುದನ್ನು ಕಂಡು ಸುಮ್ಮನಾಗುತ್ತದೆ. ನಾವು ಅದನ್ನು ತಿಳಿಯದ ಮಗು ಎನ್ನುತ್ತೇವೆ. ಅದಕ್ಕೆ ತಿಳಿದಿದೆ, ಕೇಳಬಾರದೆಂಬುದೂ ತಿಳಿದಿದೆ. ಪುಸ್ತಕದಲ್ಲಾದರೂ ಅದು ಕೇಳಬಹುದಾಗಿತ್ತು.

ಕತ್ತರಿಯವರು ಬಿಟ್ಟದ್ದೇನು ಎಂಬುದನ್ನೂ ನೋಡಬೇಕಲ್ಲ. ಬ್ಯಾರಿಯ ಪುಸ್ತಕ ನಿರ್ದೋಷವೆಂದು ನಾನು ವಾದಿಸುವುದಿಲ್ಲ. ಅಮೆರಿಕದ ಮೂಲನಿವಾಸಿಗಳನ್ನು ಅವನು ಚಿತ್ರಿಸಿರುವ ರೀತಿ ಆ ಕಾಲದ ಆಂಗ್ಲರ ಅಜ್ಞಾನಕ್ಕೆ ಮಾದರಿ, ಓದಲು ನಾಚಿಕೆಯಾಗುತ್ತದೆ. ಹೆಣ್ಣುಮಗಳು ಬಂದೊಡನೆ ಕಾಲುಚೀಲ ಹೊಲಿಯಲು ಕೂಡಿಸುವುದೂ ನನಗೆ ರುಚಿಸದು. ಕತ್ತರಿಸಲೇಬೇಕೆಂದಿದ್ದರೆ ಜಾಗ ಇತ್ತು. 1953ರ ಚಿತ್ರ ಏನು ಮಾಡಿತು? ತಾಯಿಯ ಕಣ್ಣೀರನ್ನು ತೆಗೆದು, ಮೂಲನಿವಾಸಿಗಳ ಗೇಲಿಗೆ ಒಂದು ಇಡೀ ಹಾಡನ್ನು ಸೇರಿಸಿತು. 2020ರಲ್ಲಿ ಅದೇ ಸಂಸ್ಥೆ ತನ್ನ ಪ್ರಸಾರದಲ್ಲಿ ಆ ಚಿತ್ರಕ್ಕೆ ಎಚ್ಚರಿಕೆಯ ಫಲಕ ಹಾಕಬೇಕಾಯಿತು. ಮಗುವಿನ ಮನಸ್ಸಿಗೆ ಯಾವುದು ಅಪಾಯ ಎಂಬ ವಿಷಯದಲ್ಲಿ ಈ ಪಾಲಕರ ವಿವೇಚನೆ ಇಂಥದು.

ಬ್ಯಾರಿಗೇ ಮನೋರೋಗವಿತ್ತು, ಅವನ ದುಃಖ ನಮ್ಮ ಮಕ್ಕಳಿಗೇಕೆ ಎಂಬ ವಾದವೂ ಇದೆ. ಸಂಗತಿಗಳು ನಿಜ. ಸ್ಕಾಟ್ಲೆಂಡಿನ ಕಿರಿಮ್ಯೂರ್ ಎಂಬ ಊರಿನ ನೇಕಾರನ ಮಗ ಅವನು. 1867ರಲ್ಲಿ, ಇವನಿಗೆ ಆರು ವರ್ಷವಾಗಿದ್ದಾಗ, ಅಣ್ಣ ಡೇವಿಡ್ ಮಂಜುಗಡ್ಡೆಯ ಮೇಲೆ ಬಿದ್ದ ಪೆಟ್ಟಿಗೆ ಹದಿನಾಲ್ಕು ತುಂಬುವ ಮುನ್ನ ಸತ್ತ. ತಾಯಿ ಹಾಸಿಗೆ ಹಿಡಿದಳು. ಕತ್ತಲೆ ಕೋಣೆಗೆ ಹೋದ ಚಿಕ್ಕ ಮಗನ ಹೆಜ್ಜೆಯ ಸದ್ದನ್ನು ಅವಳು ಸತ್ತವನದೆಂದು ಭಾವಿಸಿ ಕರೆದಳು. ಅವನಲ್ಲ, ನಾನು ಎಂದು ಇವನು ಉತ್ತರ ಕೊಡಬೇಕಾಯಿತು. 1896ರಲ್ಲಿ ತಾಯಿಯ ಮೇಲೆ ಬರೆದ ಪುಸ್ತಕದಲ್ಲಿ ಅವನೇ ಇದನ್ನು ಹೇಳಿದ್ದಾನೆ. ಮುಂದೆ ಕೆನ್ಸಿಂಗ್‌ಟನ್ ಉದ್ಯಾನದಲ್ಲಿ ಪರಿಚಯವಾದ ಲೂಯೆಲಿನ್ ಡೇವಿಸ್ ಮನೆತನದ ಹುಡುಗರಿಗೆ ಹೇಳಿದ ಕಥೆಗಳೇ ಪೀಟರ್ ಪ್ಯಾನ್ ಆದವು. ಆ ಐವರು ಹುಡುಗರು 1907ರಲ್ಲಿ ತಂದೆಯನ್ನೂ 1910ರಲ್ಲಿ ತಾಯಿಯನ್ನೂ ಕಳೆದುಕೊಂಡು ಬ್ಯಾರಿಯ ಆಶ್ರಯಕ್ಕೆ ಬಂದರು. ಕಾದಂಬರಿ ಬಂದದ್ದು ಅದರ ಮರುವರ್ಷ. ಕೊನೆಯ ಅಧ್ಯಾಯವನ್ನು ಅವನು ಅಚ್ಚಿಗೆ ಕೊಟ್ಟಾಗ ಮನೆಯಲ್ಲಿ ಐವರು ತಬ್ಬಲಿಗಳಿದ್ದರು ಎಂಬುದನ್ನು ಅವನ ಮೇಲೆ ರೋಗ ಹೊರಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ? ಅವರಿಗೆ ಸುಳ್ಳು ಹೇಳುವ ಅವಕಾಶ ಅವನಿಗೆ ಇರಲಿಲ್ಲ. ಅವರಲ್ಲಿ ಜಾರ್ಜ್ 1915ರಲ್ಲಿ ಯುದ್ಧಭೂಮಿಯಲ್ಲಿ ಮಡಿದ. ಮೈಕೇಲ್ 1921ರಲ್ಲಿ ಆಕ್ಸ್‌ಫರ್ಡಿನ ಬಳಿ ನೀರಿನಲ್ಲಿ ಮುಳುಗಿದ. ಪುಸ್ತಕ ಹೇಳಿದ್ದಕ್ಕಿಂತ ಲೋಕ ಮೃದುವಾಗಿರಲಿಲ್ಲ.

ಎದುರಾಳಿಗಳಿಗೆ ಒಂದು ಒಳ್ಳೆಯ ಅಸ್ತ್ರ ಉಂಟು. ಅವರು ಅದನ್ನು ಬಳಸಿದ್ದನ್ನು ನಾನು ಕಂಡಿಲ್ಲವಾದ್ದರಿಂದ ನಾನೇ ಎತ್ತಿಕೊಡುತ್ತೇನೆ. ವೆಂಡಿ ದೊಡ್ಡವಳಾದ ದೃಶ್ಯವನ್ನು ಬ್ಯಾರಿ ತನ್ನ ಜೀವಮಾನದಲ್ಲಿ ರಂಗದ ಮೇಲೆ ಆಡಿಸಿದ್ದು ಒಂದೇ ಒಂದು ರಾತ್ರಿ, 1908ರ ಫೆಬ್ರವರಿ 22ರಂದು. ಹಾಗಾದರೆ ಅವನೇ ಅದನ್ನು ಬಿಟ್ಟನಲ್ಲ? ರಂಗದಿಂದ ಬಿಟ್ಟ, ನಿಜ. ಮೂರು ವರ್ಷದ ಮೇಲೆ, ಯಾರೂ ಒತ್ತಾಯಿಸದೆ, ಪುಸ್ತಕದ ಕೊನೆಯಲ್ಲಿ ತಂದು ಕೂಡಿಸಿದ. ಸಾವಿರ ಜನರ ನಡುವೆ ಬೇಡವೆನಿಸಿದ್ದನ್ನು, ದೀಪದ ಕೆಳಗೆ ಒಬ್ಬರು ಓದಿ ಒಬ್ಬರು ಕೇಳುವ ಜಾಗಕ್ಕೆ ಒಪ್ಪಿಸಿದ. ಇದು ಕತ್ತರಿಸುವವನ ಲಕ್ಷಣವಲ್ಲ.

ತಂದೆತಾಯಿಗಳ ದೂರನ್ನು ಅವನು ಕೇಳದವನೂ ಅಲ್ಲ. ನಾಟಕ ನೋಡಿದ ಮಕ್ಕಳು ಮನೆಗೆ ಹೋಗಿ ಮಂಚದಿಂದ ಹಾರಿ ಕೈಕಾಲು ಮುರಿದುಕೊಳ್ಳತೊಡಗಿದಾಗ, ಮೈಮೇಲೆ ಕಿನ್ನರಿಯ ಧೂಳು ಬೀಳದೆ ಯಾರೂ ಹಾರಲಾರರು ಎಂಬ ಷರತ್ತನ್ನು ನಾಟಕಕ್ಕೆ ಸೇರಿಸಿದ. 1928ರಲ್ಲಿ ನಾಟಕ ಅಚ್ಚಾದಾಗ ಮುನ್ನುಡಿಯಲ್ಲಿ ಹಾಸ್ಯವಾಗಿ ಇದನ್ನು ಹೇಳಿಕೊಂಡಿದ್ದಾನೆ. ಮೂಳೆ ಮುರಿಯುವುದನ್ನು ತಿದ್ದಿದ. ಮುಚ್ಚಿದ ಕಿಟಕಿಯನ್ನು ಮುಟ್ಟಲಿಲ್ಲ. 1929ರಲ್ಲಿ ಆ ಕೃತಿಯ ಹಕ್ಕನ್ನೆಲ್ಲ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಬರೆದುಕೊಟ್ಟ.

ಈ ಅಳುಕು ಕನ್ನಡದ ಮನೆಗಳಿಗೆ ಹೊಸದು ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ತಂದೆಯ ತೊಡೆಯಿಂದ ತಳ್ಳಿಸಿಕೊಂಡು ಐದು ವರ್ಷಕ್ಕೆ ಮನೆ ಬಿಟ್ಟು ಕಾಡಿಗೆ ಹೋದ ಧ್ರುವನ ಕಥೆಯನ್ನು ನಮ್ಮ ಅಜ್ಜಿಯರು ಸುರುಚಿಯ ಬಿರುನುಡಿ ಬಿಟ್ಟು ಹೇಳಿದವರಲ್ಲ. ಗೋವಿನ ಹಾಡು ಹೇಳುವಾಗ ಕರುವಿನ ಗೋಳನ್ನು ಹಾರಿಸಿದವರಲ್ಲ. ಕೊನೆಯಲ್ಲಿ ಹುಲಿಯ ಸಾವನ್ನು ಮುಚ್ಚಿಟ್ಟವರಲ್ಲ. ಮಕ್ಕಳು ಅತ್ತವು, ಅತ್ತು, ಮತ್ತೊಮ್ಮೆ ಹೇಳು ಎಂದವು. ಹುಲಿ ಪಾಪ, ಅದನ್ನು ಸಾಯಿಸುವುದು ಬೇಡ ಎನ್ನುವ ದನಿ ಈಗ ನಮ್ಮಲ್ಲೂ ಕೇಳಿಬರುತ್ತಿದೆ. ಹುಲಿಯ ವಿಷಯದಲ್ಲಿ ಇನ್ನೊಮ್ಮೆ ಜಗಳವಾಡೋಣ.

ಬ್ಯಾರಿ ತೀರಿಕೊಂಡದ್ದು 1937ರಲ್ಲಿ. ನಮ್ಮ ದೇಶದಲ್ಲಿ ಅವನ ಪುಸ್ತಕದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಯಾರು ಬೇಕಾದರೂ ಅಚ್ಚು ಹಾಕಬಹುದು, ಅನುವಾದಿಸಬಹುದು, ಸಂಗ್ರಹಿಸಬಹುದು. ಸಂಗ್ರಹವೇ ಕೂಡದೆಂದು ನಾನು ಹಟ ಹಿಡಿಯುವುದಿಲ್ಲ. ಕಡಲುಗಳ್ಳರ ಮಾತುಗಳನ್ನು ಅರ್ಧಕ್ಕಿಳಿಸಿದರೆ ನನ್ನದೇನೂ ಆಕ್ಷೇಪಣೆಯಿಲ್ಲ. ಎರಡು ಕಿಟಕಿಗಳನ್ನೂ ಕೊನೆಯ ಅಧ್ಯಾಯವನ್ನೂ ಬಿಟ್ಟವರು, ಬಿಟ್ಟಿದ್ದೇವೆಂದು ರಕ್ಷಾಪುಟದ ಮೇಲೆ, ಕೊಳ್ಳುವವರಿಗೆ ಕಾಣುವ ಅಕ್ಷರಗಳಲ್ಲಿ, ಹಾಕಲಿ. ಬೆರಕೆ ಎಣ್ಣೆಯ ಡಬ್ಬಿಯ ಮೇಲೆ ಯಾವ ಎಣ್ಣೆ ಎಷ್ಟು ಪಾಲು ಎಂದು ಅಚ್ಚು ಹಾಕಬೇಕೆಂಬ ನಿಯಮ ನಮ್ಮಲ್ಲಿ ಇದೆಯಷ್ಟೆ.